ಕಣಜಗಳ ಹೊಸ ಪ್ರಭೇದಗಳು: ಪತ್ತೆ, ವಿವರಣೆ ಮತ್ತು ವರ್ಗೀಕರಣ

ಕಣಜವೆಂದೊಡನೆ ಜನಸಾಮಾನ್ಯರಿಗೆ ನೆನಪಾಗುವುದು ಅದರ ಕೊಂಡಿ. ಮನೆಯ ಸೂರಿನಡಿ, ಕಿಟಕಿಯ ಮೂಲೆ, ಕೊಟ್ಟಿಗೆಯ ತೊಲೆ ಮುಂತಾದೆಡೆ ಗೂಡು ಕಟ್ಟುವ ಈ ಕೀಟವನ್ನು ಕಂಡರೆ ಪಂಜು ಹಿಡಿದು ಗೂಡನ್ನು ಸುಟ್ಟುಹಾಕುವವರೇ ಹೆಚ್ಚು. ಆದರೆ ಮನುಷ್ಯರನ್ನು ಕುಟುಕುವ ಕಣಜಗಳು ಇಡೀ ಕಣಜ ಸಮುದಾಯದ ಒಂದು ಸಣ್ಣ ಭಾಗ ಮಾತ್ರ. ಉಳಿದ ಬಹುಪಾಲು ಕಣಜಗಳು ಕಣ್ಣಿಗೆ ಬೀಳದಷ್ಟು ಚಿಕ್ಕವು. ಇವು ಇತರ ಕೀಟಗಳ ಮೊಟ್ಟೆ, ಮರಿ ಹಾಗೂ ಕೋಶಗಳಲ್ಲಿ ತಮ್ಮ ಸಂತಾನವನ್ನು ಬೆಳೆಸಿ, ಬೆಳೆಗೆ ಮಾರಕವಾದ ಪೀಡೆಗಳನ್ನು ಹತೋಟಿಯಲ್ಲಿಡುತ್ತವೆ. ರೈತನಿಗೆ ಇಷ್ಟೊಂದು ಉಪಕಾರಿಯಾದ ಈ ಜೀವಿಗಳಲ್ಲಿ ಅನೇಕವುಗಳಿಗೆ ಇನ್ನೂ ಹೆಸರೇ ಇಲ್ಲವೆಂಬುದು ಆಶ್ಚರ್ಯಕರವಾದರೂ ಸತ್ಯವಾದ ಸಂಗತಿ.

ಹೆಸರಿಲ್ಲದ ಜೀವಿಯ ಬಗ್ಗೆ ಜ್ಞಾನವನ್ನು ಕೂಡಿಡುವುದು ಸಾಧ್ಯವಿಲ್ಲ. ಅದು ಎಲ್ಲಿ ವಾಸಿಸುತ್ತದೆ, ಯಾವ ಪೀಡೆಯನ್ನು ಕೊಲ್ಲುತ್ತದೆ, ಅದನ್ನು ಸಾಕಿ ಹೊಲಕ್ಕೆ ಬಿಡಬಹುದೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಂಗ್ರಹವಾಗುವುದು ಒಂದು ಹೆಸರಿನ ಸುತ್ತ. ಈ ಹೆಸರನ್ನು ಕೊಡುವ ಶಾಸ್ತ್ರವೇ ವರ್ಗೀಕರಣ ಶಾಸ್ತ್ರ. ಪುಣೆ ನಗರಕ್ಕೂ ಕಣಜಗಳ ವರ್ಗೀಕರಣಕ್ಕೂ ಒಂದು ಶತಮಾನಕ್ಕೂ ಮೀರಿದ ನಂಟಿದೆ. ಆ ಹಿನ್ನೆಲೆಯಲ್ಲಿ, ಹೊಸ ಪ್ರಭೇದವೊಂದನ್ನು ಹೇಗೆ ಗುರುತಿಸಿ, ವಿವರಿಸಿ, ಹೆಸರಿಡಲಾಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕಣಜ ಎಂದರೆ ಯಾವುದು?

ಜೇನುನೊಣ, ಇರುವೆ ಮತ್ತು ಕಣಜಗಳು ಒಂದೇ ಗಣಕ್ಕೆ ಸೇರಿದ ಕೀಟಗಳು. ಪೊರೆಯಂತಹ ಎರಡು ಜೊತೆ ರೆಕ್ಕೆಗಳಿರುವ ಕಾರಣ ಈ ಗಣಕ್ಕೆ ಹೈಮೆನಾಪ್ಟೆರ, ಅಂದರೆ ಪೊರೆರೆಕ್ಕೆಯ ಕೀಟಗಳು ಎಂದು ಹೆಸರು. ಪ್ರಪಂಚದಲ್ಲಿ ಈ ಗಣದ 1,50,000ಕ್ಕೂ ಹೆಚ್ಚು ಪ್ರಭೇದಗಳನ್ನು ಈವರೆಗೆ ವಿವರಿಸಲಾಗಿದೆ. ಇವುಗಳಲ್ಲಿ ಬಹುಪಾಲು ಕಣಜಗಳೇ. ಎದೆ ಮತ್ತು ಉದರಗಳ ನಡುವೆ ಎಳೆಯಂತೆ ಸಣ್ಣಗಾದ ನಡು ಇವುಗಳ ಎದ್ದುಕಾಣುವ ಲಕ್ಷಣ. ಕೊಂಡಿಯು ಮೊಟ್ಟೆಯಿಡುವ ಅಂಗದ ಮಾರ್ಪಾಡು. ಆದ್ದರಿಂದ ಕುಟುಕುವುದು ಹೆಣ್ಣು ಮಾತ್ರ; ಗಂಡಿಗೆ ಕೊಂಡಿ ಇರುವುದಿಲ್ಲ.

ಜೀವನಕ್ರಮವನ್ನು ಅನುಸರಿಸಿ ಕಣಜಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ನೋಡಬಹುದು. ಮೊದಲನೆಯದು, ಗೂಡು ಕಟ್ಟಿ ಗುಂಪಾಗಿ ಬಾಳುವ ಸಾಮಾಜಿಕ ಕಣಜಗಳು. ದಕ್ಷಿಣ ಭಾರತದ ಮನೆಗಳಲ್ಲಿ ಕಾಗದದಂತಹ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಪ್ರಭೇದವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿ, ಅದರ ಸಮಾಜ ಜೀವನವನ್ನು ಜಗತ್ತಿಗೆ ಪರಿಚಯಿಸಿದ್ದಾರೆ.

ಎರಡನೆಯದು, ಒಂಟಿಯಾಗಿ ಬೇಟೆಯಾಡುವ ಕಣಜಗಳು. ಗೋಡೆಯ ಮೇಲೆ ಮಣ್ಣಿನ ಕುಡಿಕೆ ಕಟ್ಟುವ ಕುಂಬಾರ ಹುಳು ಈ ಗುಂಪಿನದು. ಅದು ಕಂಬಳಿಹುಳುವನ್ನು ಕುಟುಕಿ, ಜಡಗೊಳಿಸಿ, ಕುಡಿಕೆಯೊಳಗಿಟ್ಟು ಬಾಯಿ ಮುಚ್ಚುತ್ತದೆ. ಕೆಲವು ದಿನಗಳ ನಂತರ ಅದೇ ಕುಡಿಕೆಯಿಂದ ಕಣಜ ಹೊರಬರುತ್ತದೆ. ಇದನ್ನು ಕಂಡ ಹಿಂದಿನವರು, ಒಳಗಿಟ್ಟ ಹುಳುವೇ ಧ್ಯಾನಬಲದಿಂದ ಕಣಜವಾಯಿತೆಂದು ಭಾವಿಸಿದರು. ಭ್ರಮರಕೀಟ ನ್ಯಾಯವೆಂಬ ದೃಷ್ಟಾಂತ ಹುಟ್ಟಿದ್ದು ಹೀಗೆ. ಕನ್ನಡ ವಚನಗಳಲ್ಲಿ ಕೀಡಿ ಕುಂಡಲಿಯಾಗುವ ಮಾತು ಬರುವುದೂ ಇದೇ ಅರ್ಥದಲ್ಲಿ. ವಾಸ್ತವವಾಗಿ ಕಣಜವು ಕುಡಿಕೆಯಲ್ಲಿ ತನ್ನ ಮೊಟ್ಟೆಯನ್ನೂ ಇಟ್ಟಿರುತ್ತದೆ. ಮೊಟ್ಟೆಯಿಂದ ಬಂದ ಮರಿ ಕಂಬಳಿಹುಳುವನ್ನು ತಿಂದು ಬೆಳೆಯುತ್ತದೆ.

ಮೂರನೆಯ ಮತ್ತು ಅತಿ ದೊಡ್ಡ ಗುಂಪು ಪರತಂತ್ರ ಕಣಜಗಳದು. ಇವು ಗೂಡು ಕಟ್ಟುವುದಿಲ್ಲ. ಆಸರೆ ಕೀಟದ ದೇಹದ ಮೇಲೆ ಅಥವಾ ಒಳಗೆ ಮೊಟ್ಟೆಯಿಡುತ್ತವೆ. ಕೆಲವು ಕಣಜಗಳ ಉದ್ದ ಒಂದು ಮಿಲಿಮೀಟರಿನ ಅರ್ಧದಷ್ಟೂ ಇರುವುದಿಲ್ಲ. ಇವಲ್ಲದೆ, ಆಲ, ಅತ್ತಿ, ಅರಳಿ ಮರಗಳ ಪರಾಗಸ್ಪರ್ಶಕ್ಕೆ ಕಾರಣವಾದ ಅತ್ತಿ ಕಣಜಗಳೂ ಇವೆ. ಅತ್ತಿಯ ಹಣ್ಣನ್ನು ಬಿಡಿಸಿದರೆ ಒಳಗೆ ಹುಳು ಎಂಬ ಮಾತು ಕನ್ನಡದಲ್ಲಿ ಗಾದೆಯೇ ಆಗಿದೆ. ಆ ಹುಳುಗಳಲ್ಲಿ ಹಲವು ಈ ಕಣಜಗಳೇ. ಅವು ಇಲ್ಲದಿದ್ದರೆ ಅತ್ತಿಯ ಬೀಜ ಕಟ್ಟುವುದಿಲ್ಲ, ಹೊಸ ಮರ ಹುಟ್ಟುವುದಿಲ್ಲ.

ವರ್ಗೀಕರಣದ ಹಿನ್ನೆಲೆ

ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ವ್ಯವಸ್ಥಿತವಾಗಿ ಬಳಕೆಗೆ ತಂದವರು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್. ಅವರ ‘ಸಿಸ್ಟೆಮಾ ನ್ಯಾಚುರೆ’ ಗ್ರಂಥದ ಹತ್ತನೆಯ ಆವೃತ್ತಿ 1758ರಲ್ಲಿ ಪ್ರಕಟವಾಯಿತು. ಪ್ರಾಣಿಗಳ ವೈಜ್ಞಾನಿಕ ನಾಮಕರಣದ ಆರಂಭ ಬಿಂದು ಅದೇ ಎಂದು ಅಂತರರಾಷ್ಟ್ರೀಯವಾಗಿ ಒಪ್ಪಲಾಗಿದೆ. ಹೆಸರಿನ ಮೊದಲ ಪದ ಜಾತಿಯನ್ನೂ ಎರಡನೆಯ ಪದ ಪ್ರಭೇದವನ್ನೂ ಸೂಚಿಸುತ್ತದೆ. ಜಾತಿಗಳು ಕೂಡಿ ಕುಟುಂಬ, ಕುಟುಂಬಗಳು ಕೂಡಿ ಗಣ, ಗಣಗಳು ಕೂಡಿ ವರ್ಗ ಎಂಬುದು ಈ ಏಣಿಯ ಕ್ರಮ.

ಲಿನೇಯಸರ ಶಿಷ್ಯರಾದ ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ ಅವರು, ಡೇನರ ವಸಾಹತಾಗಿದ್ದ ತಮಿಳುನಾಡಿನ ತರಂಗಂಬಾಡಿಯಿಂದ ಬಂದ ಅನೇಕ ಕೀಟಗಳನ್ನು ವಿವರಿಸಿದರು. ಮುಂದೆ ಬ್ರಿಟಿಷರ ಆಳ್ವಿಕೆಯಲ್ಲಿ ಸೇನಾಧಿಕಾರಿಗಳು, ಅರಣ್ಯಾಧಿಕಾರಿಗಳು ಮತ್ತು ಹವ್ಯಾಸಿಗಳು ಸಂಗ್ರಹಣಾ ಕಾರ್ಯವನ್ನು ಮುಂದುವರಿಸಿದರು. ಸಿ. ಟಿ. ಬಿಂಗ್ಹ್ಯಾಮ್ ಅವರು ರಚಿಸಿದ ‘ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ’ ಮಾಲೆಯ ಕಣಜ ಮತ್ತು ಜೇನುನೊಣಗಳ ಸಂಪುಟ 1897ರಲ್ಲಿ ಹೊರಬಂದಿತು. ಭಾರತದ ಕಣಜಗಳನ್ನು ಅಭ್ಯಸಿಸುವವರು ಇಂದಿಗೂ ಅದನ್ನು ತೆರೆದು ನೋಡಬೇಕಾಗುತ್ತದೆ.

ಪುಣೆಯ ಹೆಸರು ಈ ಇತಿಹಾಸದಲ್ಲಿ ಕಾಣಿಸಿಕೊಳ್ಳುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಮುಂಬಯಿ ಪ್ರಾಂತದ ಅರಣ್ಯ ಇಲಾಖೆಯಲ್ಲಿದ್ದ ಆರ್. ಸಿ. ರೌಟನ್ ಅವರು ಪುಣೆಯ ಸುತ್ತಮುತ್ತ ಇರುವೆ ಹಾಗೂ ಕಣಜಗಳನ್ನು ಸಂಗ್ರಹಿಸಿ ಯೂರೋಪಿನ ತಜ್ಞರಿಗೆ ಕಳುಹಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಆಗಸ್ಟ್ ಫೋರೆಲ್ ಅವರು 1890ರಲ್ಲಿ ಪುಣೆಯ ಒಂದು ಇರುವೆಗೆ ರೌಟನ್ ಅವರ ಹೆಸರನ್ನೇ ಇಟ್ಟರು. ಬ್ರಿಟನ್ನಿನ ಪೀಟರ್ ಕ್ಯಾಮರಾನ್ ಅವರು ಅದೇ ಕಾಲದಲ್ಲಿ ರೌಟನ್ ಕಳುಹಿಸಿದ ಅನೇಕ ಕಣಜಗಳನ್ನು ಹೊಸ ಪ್ರಭೇದಗಳೆಂದು ಪ್ರಕಟಿಸಿದರು. ಮಖಮಲ್ಲಿನಂತಹ ರೋಮಗಳಿರುವ ಒಂದು ಕಣಜಕ್ಕೆ ಅವರು ಕೊಟ್ಟ ‘ಪೂನಾಯೆನ್ಸಿಸ್’ ಎಂಬ ಪ್ರಭೇದನಾಮದಲ್ಲಿ ಈ ನಗರದ ಹೆಸರು ಶಾಶ್ವತವಾಗಿ ಉಳಿದಿದೆ.

ಆದರೆ ಈ ಇತಿಹಾಸಕ್ಕೆ ಇನ್ನೊಂದು ಮುಖವೂ ಇದೆ. ಕ್ಯಾಮರಾನ್ ಅವರ ವಿವರಣೆಗಳು ತೀರ ಸಂಕ್ಷಿಪ್ತವಾಗಿದ್ದು, ಅವುಗಳನ್ನು ಓದಿ ಮಾತ್ರ ಪ್ರಭೇದವನ್ನು ಖಚಿತವಾಗಿ ಗುರುತಿಸುವುದು ಅನೇಕ ವೇಳೆ ಸಾಧ್ಯವಾಗದು. ಅವರು ನೋಡಿದ ಮೂಲ ಮಾದರಿಗಳು ಲಂಡನ್ ಮತ್ತು ಆಕ್ಸ್‌ಫರ್ಡ್‌ಗಳ ಸಂಗ್ರಹಾಲಯಗಳನ್ನು ಸೇರಿದವು. ಹೀಗಾಗಿ ಪುಣೆಯ ಗುಡ್ಡದಲ್ಲಿ ಹಿಡಿದ ಕೀಟದ ಗುರುತನ್ನು ಖಚಿತಪಡಿಸಿಕೊಳ್ಳಲು ಭಾರತೀಯ ಸಂಶೋಧಕರು ಸಾವಿರಾರು ಮೈಲಿ ದೂರದ ಪೆಟ್ಟಿಗೆಯೊಂದನ್ನು ಅವಲಂಬಿಸಬೇಕಾಯಿತು. ಮಾದರಿಗಳು ದೇಶದಲ್ಲಿಯೇ ಉಳಿಯಬೇಕೆಂಬ ಇಂದಿನ ನೀತಿಯ ಹಿಂದೆ ಇಂತಹ ಅನುಭವವಿದೆ.

ಸಂಗ್ರಹಣೆಯ ವಿಧಾನಗಳು

ಹೊಸ ಪ್ರಭೇದದ ಪತ್ತೆ ಆರಂಭವಾಗುವುದು ಕ್ಷೇತ್ರದಲ್ಲಿ. ಪುಣೆಯ ಪಶ್ಚಿಮಕ್ಕೆ ಸಹ್ಯಾದ್ರಿಯ ಏರು ಇದೆ. ಲೋನಾವಳ, ಮುಳಶಿ, ಭೀಮಾಶಂಕರಗಳಲ್ಲಿ ಮಳೆ ಅಧಿಕ. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗಿ ಕುರುಚಲು ಕಾಡು, ಹುಲ್ಲುಗಾವಲು, ಕಬ್ಬಿನ ಗದ್ದೆಗಳು ಎದುರಾಗುತ್ತವೆ. ಹೀಗೆ ಕೆಲವೇ ಗಂಟೆಗಳ ಪ್ರಯಾಣದಲ್ಲಿ ಭಿನ್ನ ಪರಿಸರಗಳು ದೊರೆಯುವುದರಿಂದ ಈ ಪ್ರದೇಶ ಕೀಟ ಸಂಗ್ರಹಣೆಗೆ ಅನುಕೂಲಕರವಾಗಿದೆ.

ದೊಡ್ಡ ಕಣಜಗಳನ್ನು ಕೈಬಲೆಯಿಂದ ಹಿಡಿಯಲಾಗುತ್ತದೆ. ಹುಲ್ಲು ಮತ್ತು ಪೊದೆಗಳ ಮೇಲೆ ಬಲೆಯನ್ನು ಬೀಸಿ ಎಳೆದರೆ ಚಿಕ್ಕವು ಸಿಗುತ್ತವೆ. ಸ್ವೀಡನ್ನಿನ ರೆನೆ ಮಲೇಸ್ 1930ರ ದಶಕದಲ್ಲಿ ರೂಪಿಸಿದ ಗುಡಾರದಾಕಾರದ ಬಲೆ ಇನ್ನೊಂದು ಮುಖ್ಯ ಸಾಧನ. ಹಾರುತ್ತ ಬಂದ ಕೀಟ ಬಟ್ಟೆಯ ಗೋಡೆಗೆ ತಾಗಿ, ಬೆಳಕಿನತ್ತ ಮೇಲಕ್ಕೆ ಏರಿ, ತುದಿಯಲ್ಲಿರುವ ಮದ್ಯಸಾರದ ಸೀಸೆಗೆ ಬೀಳುತ್ತದೆ. ಹಳದಿ ಬಣ್ಣದ ತಟ್ಟೆಗಳಲ್ಲಿ ನೀರು ತುಂಬಿ, ಒಂದೆರಡು ತೊಟ್ಟು ಸಾಬೂನಿನ ದ್ರಾವಣ ಬೆರೆಸಿ ನೆಲದ ಮೇಲಿಟ್ಟರೆ, ಬಣ್ಣಕ್ಕೆ ಆಕರ್ಷಿತವಾದ ಅತಿ ಸೂಕ್ಷ್ಮ ಕಣಜಗಳೂ ಬಂದು ಬೀಳುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಮಾಹಿತಿ ನೀಡುವ ವಿಧಾನವೆಂದರೆ ಆಸರೆ ಕೀಟವನ್ನು ತಂದು ಸಾಕುವುದು. ಪರತಂತ್ರ ಜೀವಿಗೆ ತುತ್ತಾದ ಕಂಬಳಿಹುಳುವನ್ನು ಅದರ ಆಹಾರ ಸಸ್ಯದೊಂದಿಗೆ ಡಬ್ಬಿಯಲ್ಲಿಟ್ಟು ಕಾದರೆ, ಚಿಟ್ಟೆಯ ಬದಲು ಕಣಜಗಳು ಹೊರಬರುತ್ತವೆ. ಆಗ ಕಣಜ, ಆಸರೆ ಕೀಟ ಮತ್ತು ಸಸ್ಯ ಈ ಮೂರರ ಸಂಬಂಧವೂ ಏಕಕಾಲದಲ್ಲಿ ದಾಖಲಾಗುತ್ತದೆ. ತೆಂಗು, ಅಡಿಕೆ ಮೊದಲಾದ ತಾಳೆ ಜಾತಿಯ ಗಿಡಗಳ ಗರಿ ತಿನ್ನುವ ಎಲಿಮ್ನಿಯಾಸ್ ಹೈಪರ್ಮ್ನೆಸ್ಟ್ರಾ ಎಂಬ ಚಿಟ್ಟೆಯ ಮರಿಹುಳುಗಳಿಂದ ದೊರೆತ ಒಂದು ಕಣಜವನ್ನು ಬೆಂಗಳೂರಿನ ಕೀಟವಿಜ್ಞಾನಿ ಅಂಕಿತಾ ಗುಪ್ತಾ ಮತ್ತು ಅವರ ಸಹಲೇಖಕರು 2012ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಆಸರೆ ಚಿಟ್ಟೆಯ ಹೆಸರಿನಿಂದಲೇ ಅದಕ್ಕೆ ಗ್ಲಿಪ್ಟಪ್ಯಾಂಟಿಲಿಸ್ ಹೈಪರ್ಮ್ನೆಸ್ಟ್ರೆ ಎಂದು ನಾಮಕರಣವಾಯಿತು.

ಸಂಗ್ರಹಿಸಿದ ಪ್ರತಿಯೊಂದು ಮಾದರಿಯ ಕೆಳಗೂ ಒಂದು ಪುಟ್ಟ ಚೀಟಿ ಇರಲೇಬೇಕು. ಸ್ಥಳ, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ, ಸಂಗ್ರಾಹಕರ ಹೆಸರು, ಆಸರೆ ಕೀಟ ಅಥವಾ ಸಸ್ಯ ಇವುಗಳನ್ನು ಅದರಲ್ಲಿ ಬರೆಯಲಾಗುತ್ತದೆ. ಚೀಟಿಯಿಲ್ಲದ ಮಾದರಿ ಎಷ್ಟೇ ಸುಂದರವಾಗಿದ್ದರೂ ವಿಜ್ಞಾನದ ದೃಷ್ಟಿಯಿಂದ ಬಹುಮಟ್ಟಿಗೆ ನಿರುಪಯುಕ್ತ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ಸಂಗ್ರಹಿಸಲು ಅರಣ್ಯ ಇಲಾಖೆಯ ಪೂರ್ವಾನುಮತಿ ಕಡ್ಡಾಯ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಹೊಸ ಪ್ರಭೇದವೆಂದು ನಿರ್ಧರಿಸುವ ಬಗೆ

ಹಿಂದೆ ಕಾಣದ ಕೀಟ ಸಿಕ್ಕ ಮಾತ್ರಕ್ಕೆ ಅದು ಹೊಸ ಪ್ರಭೇದವಾಗುವುದಿಲ್ಲ. ಅದು ಬೇರೆಲ್ಲೂ, ಬೇರಾರಿಂದಲೂ, ಬೇರಾವ ಹೆಸರಿನಲ್ಲೂ ವಿವರಿಸಲ್ಪಟ್ಟಿಲ್ಲ ಎಂಬುದನ್ನು ಸಿದ್ಧಪಡಿಸಬೇಕು. ಈ ಕೆಲಸವೇ ಅತಿ ಹೆಚ್ಚು ಕಾಲ ಮತ್ತು ತಾಳ್ಮೆಯನ್ನು ಬೇಡುತ್ತದೆ.

ಒಣಗಿಸಿದ ಮಾದರಿಯನ್ನು ಸೂಜಿಗೆ ಚುಚ್ಚಿ, ಚಿಕ್ಕದಾಗಿದ್ದರೆ ತ್ರಿಕೋನಾಕಾರದ ರಟ್ಟಿನ ತುದಿಗೆ ಅಂಟಿಸಿ, ಸೂಕ್ಷ್ಮದರ್ಶಕದಡಿ ಇಡಲಾಗುತ್ತದೆ. ಕುಡಿಮೀಸೆಯ ಖಂಡಗಳೆಷ್ಟು, ರೆಕ್ಕೆಯ ನರಗಳು ಹೇಗೆ ಕವಲೊಡೆದಿವೆ, ಮುಖಫಲಕದ ಅಂಚು ನೇರವೋ ಹಲ್ಲುಗಳುಳ್ಳದ್ದೋ, ಎದೆಯ ಮೇಲಿನ ಕುಳಿಗಳು ಒತ್ತಾಗಿವೆಯೋ ವಿರಳವಾಗಿವೆಯೋ, ನಡುವಿನ ಉದ್ದ-ಅಗಲಗಳ ಪ್ರಮಾಣವೇನು ಎಂಬ ಲಕ್ಷಣಗಳನ್ನು ಒಂದೊಂದಾಗಿ ಗುರುತಿಸಬೇಕು. ಕೊಂಡಿಯುಳ್ಳ ಕಣಜಗಳಲ್ಲಿ ಸಾಮಾನ್ಯವಾಗಿ ಹೆಣ್ಣಿನ ಕುಡಿಮೀಸೆಗೆ 12, ಗಂಡಿನದಕ್ಕೆ 13 ಖಂಡಗಳಿರುತ್ತವೆ. ಲಿಂಗಭೇದವನ್ನು ತಿಳಿಯಲು ಇದೊಂದು ಸುಲಭ ಗುರುತು.

ಅನಂತರ ‘ಕೀಲಿ’ ಎಂದು ಕರೆಯಲಾಗುವ ಗುರುತಿನ ಪಟ್ಟಿಯ ನೆರವು ಪಡೆಯಲಾಗುತ್ತದೆ. ಅದರಲ್ಲಿ ಪ್ರತಿ ಹಂತದಲ್ಲಿಯೂ ಎರಡು ವಿರುದ್ಧ ಲಕ್ಷಣಗಳನ್ನು ಕೊಟ್ಟಿರುತ್ತಾರೆ. ಕೈಯಲ್ಲಿರುವ ಕೀಟಕ್ಕೆ ಹೊಂದುವ ಲಕ್ಷಣವನ್ನು ಆರಿಸಿಕೊಂಡು ಮುಂದಿನ ಹಂತಕ್ಕೆ ಸಾಗಬೇಕು. ಕವಲುದಾರಿಯಲ್ಲಿ ಪ್ರತಿ ತಿರುವಿನಲ್ಲೂ ಕೇಳಿ ತಿಳಿದು ನಡೆದು ಊರನ್ನು ಮುಟ್ಟುವಂತೆ, ಕೊನೆಗೆ ಜಾತಿ ಮತ್ತು ಪ್ರಭೇದದ ಹೆಸರನ್ನು ತಲುಪಬಹುದು. ಯಾವ ಕವಲೂ ಹೊಂದದಿದ್ದಾಗ ಮಾತ್ರ ಹೊಸತಿರಬಹುದೆಂಬ ಸಂಶಯ ಮೂಡುತ್ತದೆ. ಆಗ ಹತ್ತಿರದ ಸಂಬಂಧಿ ಪ್ರಭೇದಗಳ ಮೂಲ ವಿವರಣೆಗಳನ್ನೂ ಮೂಲ ಮಾದರಿಗಳನ್ನೂ ತರಿಸಿ ಹೋಲಿಸಿ ನೋಡಬೇಕು.

ಇಲ್ಲಿ ಎಡವಲು ಅವಕಾಶಗಳು ಹಲವು. ಮಖಮಲ್ ಕಣಜಗಳಲ್ಲಿ ಹೆಣ್ಣಿಗೆ ರೆಕ್ಕೆಯಿಲ್ಲ, ಗಂಡಿಗೆ ಇದೆ. ಎರಡರ ಬಣ್ಣವೂ ಬೇರೆ. ಆದ್ದರಿಂದ ಒಂದೇ ಪ್ರಭೇದದ ಗಂಡು ಹೆಣ್ಣುಗಳನ್ನು ಎರಡು ಪ್ರಭೇದಗಳೆಂದು ವಿವರಿಸಿದ ನಿದರ್ಶನಗಳಿವೆ. ಆಹಾರ ಕಡಿಮೆಯಾಗಿ ಕುಬ್ಜವಾದ ಕೀಟ, ಚಳಿಗಾಲದಲ್ಲಿ ಕಪ್ಪಾದ ಕೀಟ ಇವೂ ಸಂಶೋಧಕನನ್ನು ದಾರಿ ತಪ್ಪಿಸಬಲ್ಲವು. ಈ ಕಾರಣದಿಂದಲೇ ಒಂದೇ ಮಾದರಿಯನ್ನು ನಂಬದೆ, ಸಾಧ್ಯವಾದಷ್ಟು ಮಾದರಿಗಳನ್ನು, ಎರಡೂ ಲಿಂಗಗಳನ್ನು ಪರೀಕ್ಷಿಸುವುದು ವಾಡಿಕೆ.

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಕಾರ್ಯಕ್ಕೆ ಡಿಎನ್‌ಎ ಪರೀಕ್ಷೆಯ ನೆರವೂ ದೊರೆತಿದೆ. ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಸೂಚಿಸಿದಂತೆ, ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಒಂದು ವಂಶವಾಹಿಯ ಸುಮಾರು 650 ಅಕ್ಷರಗಳಷ್ಟು ಭಾಗವನ್ನು ಓದಿ, ಅಂಗಡಿಯ ಸಾಮಾನಿನ ಮೇಲಿನ ಗೆರೆಗುರುತಿನಂತೆ ಬಳಸಲಾಗುತ್ತದೆ. ನೋಡಲು ಒಂದೇ ತೆರನಾಗಿರುವ ಕಣಜಗಳಲ್ಲಿ ಅಡಗಿರುವ ಭೇದವನ್ನು ಇದು ತೋರಿಸಿಕೊಡುತ್ತದೆ. ಬೇರೆ ಬೇರೆಯಾಗಿ ಕಾಣುವ ಗಂಡು ಹೆಣ್ಣುಗಳನ್ನು ಒಂದುಗೂಡಿಸುತ್ತದೆ. ಆದರೂ ಇದು ಕಣ್ಣಿನ ಪರೀಕ್ಷೆಗೆ ಪೂರಕವೇ ಹೊರತು ಪರ್ಯಾಯವಲ್ಲ. ನೂರು ವರ್ಷಗಳ ಹಿಂದಿನ ಮಾದರಿಗಳಿಂದ ಡಿಎನ್‌ಎ ಪಡೆಯುವುದು ಸುಲಭವಲ್ಲವಾದ್ದರಿಂದ ಹಳೆಯ ಹೆಸರುಗಳ ವಿಚಾರದಲ್ಲಿ ಬಾಹ್ಯ ಲಕ್ಷಣಗಳನ್ನೇ ಆಧರಿಸಬೇಕಾಗುತ್ತದೆ.

ವಿವರಣೆ ಮತ್ತು ಮೂಲಮಾದರಿ

ಪ್ರಭೇದ ಹೊಸತೆಂದು ಖಚಿತವಾದ ಮೇಲೆ ಅದರ ಲಿಖಿತ ವಿವರಣೆಯನ್ನು ಸಿದ್ಧಪಡಿಸಲಾಗುತ್ತದೆ. ತಲೆಯಿಂದ ಉದರದ ತುದಿಯವರೆಗಿನ ರಚನೆ, ಬಣ್ಣ ಮತ್ತು ಅಳತೆಗಳು, ಛಾಯಾಚಿತ್ರ ಅಥವಾ ರೇಖಾಚಿತ್ರ, ಸಂಬಂಧಿ ಪ್ರಭೇದಗಳಿಂದ ಅದು ಭಿನ್ನವಾಗುವ ಬಗೆ, ದೊರೆತ ಸ್ಥಳ, ಹೆಸರಿನ ವ್ಯುತ್ಪತ್ತಿ ಇವು ಅದರ ಮುಖ್ಯ ಅಂಗಗಳು.

ಪರೀಕ್ಷಿಸಿದ ಮಾದರಿಗಳಲ್ಲಿ ಒಂದನ್ನು ಹೋಲೊಟೈಪ್ ಅಥವಾ ಮೂಲಮಾದರಿ ಎಂದು ನಿಗದಿಪಡಿಸಬೇಕು. ಜೊತೆಯಲ್ಲಿ ಪರೀಕ್ಷಿಸಿದ ಇತರ ಮಾದರಿಗಳು ಪ್ಯಾರಾಟೈಪ್, ಅಂದರೆ ಸಹಮಾದರಿಗಳು. ಮೂಲಮಾದರಿಯು ಆ ಹೆಸರಿನ ಶಾಶ್ವತ ಸಾಕ್ಷಿ. ಭವಿಷ್ಯದಲ್ಲಿ ಎಷ್ಟೇ ವಿವಾದ ಉಂಟಾದರೂ, ಆ ಹೆಸರು ಯಾವ ಜೀವಿಗೆ ಸಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಒಂದು ಮಾದರಿಯೇ. ಮಳೆಗಾಲದ ತೇವದಿಂದ ಬರುವ ಬೂಷ್ಟು, ಒಣ ಕೀಟಗಳನ್ನು ಪುಡಿಮಾಡುವ ಸಂಗ್ರಹಾಲಯದ ಜೀರುಂಡೆ ಇವುಗಳಿಂದ ಅದನ್ನು ತಲೆಮಾರುಗಳ ಕಾಲ ಕಾಪಾಡಬೇಕಾದ ಹೊಣೆ ಸಂಗ್ರಹಾಲಯದ್ದು.

ನಾಮಕರಣದ ನಿಯಮಗಳು

ಹೆಸರಿಡುವ ಕಾರ್ಯ ಸಂಶೋಧಕನ ಇಚ್ಛೆಗೆ ಬಿಟ್ಟದ್ದಲ್ಲ. 1895ರಲ್ಲಿ ಸ್ಥಾಪನೆಯಾದ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಆಯೋಗವು ರೂಪಿಸಿದ ಸಂಹಿತೆಯನ್ನು ಎಲ್ಲ ದೇಶಗಳೂ ಅನುಸರಿಸುತ್ತವೆ. ಅದರ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಜಾರಿಗೆ ಬಂದಿತು. ಅದರ ಕೆಲವು ಮುಖ್ಯ ಅಂಶಗಳು ಹೀಗಿವೆ:

1. ಹೆಸರು ಲ್ಯಾಟಿನ್ ಲಿಪಿಯಲ್ಲಿರಬೇಕು. ಪದ ಯಾವ ಭಾಷೆಯದಾದರೂ ಆಗಬಹುದು.

2. ಒಂದೇ ಪ್ರಭೇದಕ್ಕೆ ಎರಡು ಹೆಸರುಗಳಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದ ಹೆಸರೇ ಮಾನ್ಯ. ಇದನ್ನು ಪೂರ್ವತೆಯ ತತ್ವ ಎನ್ನುತ್ತಾರೆ.

3. ಹೆಸರಿನ ಮುಂದೆ ವಿವರಿಸಿದವರ ಹೆಸರನ್ನೂ ವರ್ಷವನ್ನೂ ಬರೆಯುವುದು ರೂಢಿ. ಪ್ರಭೇದವನ್ನು ಅನಂತರ ಬೇರೆ ಜಾತಿಗೆ ವರ್ಗಾಯಿಸಿದ್ದರೆ ಇವನ್ನು ಆವರಣದಲ್ಲಿ ಬರೆಯಲಾಗುತ್ತದೆ. ಜಿರಳೆಯನ್ನು ಬೇಟೆಯಾಡುವ ಹಸಿರು ಕಣಜವನ್ನು ಆಂಪುಲೆಕ್ಸ್ ಕಂಪ್ರೆಸಾ (ಫ್ಯಾಬ್ರಿಷಿಯಸ್, 1781) ಎಂದು ಬರೆದಿದ್ದರೆ, ಫ್ಯಾಬ್ರಿಷಿಯಸ್ ಅದನ್ನು ಮೊದಲು ಬೇರೊಂದು ಜಾತಿಯಲ್ಲಿ ಇರಿಸಿದ್ದರೆಂದು ತಿಳಿಯಬೇಕು.

4. ವಿದ್ಯುನ್ಮಾನ ರೂಪದಲ್ಲಿ ಮಾತ್ರ ಪ್ರಕಟವಾಗುವ ಲೇಖನಗಳಿಗೂ 2012ರಿಂದ ಮಾನ್ಯತೆ ದೊರೆತಿದೆ. ಆದರೆ ಅವುಗಳನ್ನು ಆಯೋಗದ ದಾಖಲಾತಿ ಕೋಶವಾದ ಜೂಬ್ಯಾಂಕಿನಲ್ಲಿ ನೋಂದಾಯಿಸಬೇಕು.

ಸ್ಥಳದ ಹೆಸರಿನಿಂದ ಬಂದ ಪ್ರಭೇದನಾಮಗಳು ಹೆಚ್ಚಾಗಿ ‘ಎನ್ಸಿಸ್’ ಎಂದು ಕೊನೆಗೊಳ್ಳುತ್ತವೆ. ವ್ಯಕ್ತಿಯ ಗೌರವಾರ್ಥ ಇಟ್ಟ ಹೆಸರು ಪುರುಷರಾದರೆ ‘ಐ’ ಎಂದೂ ಮಹಿಳೆಯಾದರೆ ‘ಏ’ ಎಂದೂ ಅಂತ್ಯವಾಗುತ್ತದೆ. ಸಂಶೋಧಕ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಸಭ್ಯತೆಯಲ್ಲ ಎಂಬುದು ಈ ಕ್ಷೇತ್ರದ ಒಪ್ಪಿತ ಮರ್ಯಾದೆ.

ಹೆಸರು ತಪ್ಪಿದರೆ ಆಗುವುದೇನು?

ಇದಕ್ಕೆ ಉತ್ತಮ ಉದಾಹರಣೆ ಟ್ರೈಕೊಗ್ರಾಮಾ ಕಣಜಗಳು. ಅರ್ಧ ಮಿಲಿಮೀಟರಿನಷ್ಟು ಉದ್ದದ ಈ ಕಣಜಗಳು ಕಬ್ಬು, ಹತ್ತಿ, ಟೊಮ್ಯಾಟೊ ಮುಂತಾದ ಬೆಳೆಗಳ ಕೊರಕ ಹುಳುಗಳ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಟ್ಟು, ಪೀಡೆಯನ್ನು ಹುಟ್ಟುವ ಮೊದಲೇ ನಾಶಮಾಡುತ್ತವೆ. ಅಕ್ಕಿ ಪತಂಗದ ಮೊಟ್ಟೆಗಳನ್ನು ಅಂಟಿಸಿ, ಅವುಗಳಲ್ಲಿ ಕಣಜಗಳನ್ನು ಬೆಳೆಸಿದ ‘ಟ್ರೈಕೊಕಾರ್ಡ್’ಗಳನ್ನು ರೈತರು ಗರಿಗಳಿಗೆ ಸಿಕ್ಕಿಸುವುದು ಈಗ ಪರಿಚಿತ ಪದ್ಧತಿ.

ಈ ಕಣಜಗಳ ಬಣ್ಣ, ಗಾತ್ರಗಳು ಉಷ್ಣತೆ ಮತ್ತು ಆಸರೆ ಮೊಟ್ಟೆಗೆ ತಕ್ಕಂತೆ ಬದಲಾಗುತ್ತವೆ. ಆದ್ದರಿಂದ ಬಹುಕಾಲ ಬೇರೆ ಬೇರೆ ಪ್ರಭೇದಗಳನ್ನು ಒಂದೇ ಎಂದೂ ಒಂದೇ ಪ್ರಭೇದವನ್ನು ಹಲವೆಂದೂ ತಪ್ಪಾಗಿ ತಿಳಿಯಲಾಗಿತ್ತು. ಜೈವಿಕ ನಿಯಂತ್ರಣದ ಕಾಮನ್‌ವೆಲ್ತ್ ಸಂಸ್ಥೆಯು 1957ರಲ್ಲಿ ಬೆಂಗಳೂರಿನಲ್ಲಿ ತೆರೆದ ಭಾರತೀಯ ಕೇಂದ್ರದಲ್ಲಿ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಎಂಬ ವಿಜ್ಞಾನಿಗಳು 1960ರ ದಶಕದ ಕೊನೆಯಿಂದ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಗಂಡು ಕಣಜದ ಜನನಾಂಗದ ರಚನೆ ಮಾತ್ರ ಪರಿಸರಕ್ಕೆ ತಕ್ಕಂತೆ ಬದಲಾಗದ, ನಂಬಲರ್ಹವಾದ ಗುರುತು ಎಂದು 1971ರ ತಮ್ಮ ಲೇಖನದಲ್ಲಿ ಅವರು ತೋರಿಸಿಕೊಟ್ಟರು. ಪ್ರಭೇದಗಳ ನಡುವೆ ಸಂಕರ ಸಂತಾನ ಹುಟ್ಟುತ್ತದೆಯೇ ಎಂಬ ಪ್ರಯೋಗಗಳೂ ಈ ಅಧ್ಯಯನದ ಭಾಗವಾಗಿದ್ದವು. ಭಾರತದಲ್ಲಿ ಆಸ್ಟ್ರೇಲಿಕಮ್ ಎಂದು ಕರೆಯುತ್ತಿದ್ದ ಕಣಜ ನಿಜವಾದ ಆಸ್ಟ್ರೇಲಿಕಮ್ ಅಲ್ಲವೆಂದು ಗೊತ್ತಾಗಿ, ಅದಕ್ಕೆ ಕನ್ಫ್ಯೂಸಮ್ ಎಂಬ ಹೆಸರು ಬಂದಿತು. ಅದೂ ಕೂಡ 1941ರಲ್ಲಿ ಜಪಾನಿನ ಇಷಿಯಿ ವಿವರಿಸಿದ್ದ ಕೈಲೋನಿಸ್ ಪ್ರಭೇದವೇ ಎಂದು ಮುಂದೆ ತೀರ್ಮಾನವಾಯಿತು. ಪೂರ್ವತೆಯ ತತ್ವದಂತೆ ಟ್ರೈಕೊಗ್ರಾಮಾ ಕೈಲೋನಿಸ್ ಎಂಬ ಹೆಸರು ನಿಂತಿತು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಒಂದು ಪ್ರಭೇದ ಕಬ್ಬಿನ ಕೊರಕಕ್ಕೆ ಸಲ್ಲುತ್ತದೆ, ಇನ್ನೊಂದು ಸಲ್ಲುವುದಿಲ್ಲ. ತಪ್ಪು ಪ್ರಭೇದವನ್ನು ಸಾಕಿ ಹೊಲಕ್ಕೆ ಬಿಟ್ಟರೆ ಹಣವೂ ಶ್ರಮವೂ ವ್ಯರ್ಥ. ಜೈವಿಕ ನಿಯಂತ್ರಣದ ಮೇಲೆ ರೈತನ ನಂಬಿಕೆಯೂ ಹೋಗುತ್ತದೆ.

ಸರಿಯಾದ ಹೆಸರಿನ ಫಲ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ 2002ರಲ್ಲಿ ಕಬ್ಬಿಗೆ ಬಿಳಿ ಉಣ್ಣೆ ಹೇನು ತಗುಲಿ, ಅದೇ ವರ್ಷ ಉತ್ತರ ಕರ್ನಾಟಕಕ್ಕೂ ಹರಡಿತು. ಬಿಳಿ ಅರಳೆಯಂತೆ ಗರಿಗಳ ತಳವನ್ನು ಮುಚ್ಚಿಕೊಳ್ಳುವ ಈ ಪೀಡೆ ಈಶಾನ್ಯ ಭಾರತದಲ್ಲಿ ಮೊದಲಿನಿಂದಲೂ ಇದ್ದು, ಅಲ್ಲಿ ಅದನ್ನು ಅಂಕೆಯಲ್ಲಿಡುವ ಎನ್ಕಾರ್ಸಿಯಾ ಫ್ಲೇವೊಸ್ಕ್ಯುಟೆಲಮ್ ಎಂಬ ಪುಟ್ಟ ಕಣಜದ ಗುರುತು ವಿಜ್ಞಾನಿಗಳಿಗೆ ತಿಳಿದಿತ್ತು. ಆ ಕಣಜವನ್ನು ತಂದು ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ ಬಿಡಲಾಯಿತು. ಡೈಫಾ ಮತ್ತು ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳೂ ಜೊತೆಗೂಡಿ ಪೀಡೆಯ ಹಾವಳಿಯನ್ನು ತಗ್ಗಿಸಿದವು.

ಪರಂಗಿ ಹಣ್ಣಿನ ಹಿಟ್ಟುತಿಗಣೆಯ ಪ್ರಕರಣ ಇನ್ನೂ ಸ್ಪಷ್ಟ. ಅಮೆರಿಕ ಖಂಡದ ಈ ಪೀಡೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಕರ್ನಾಟಕ, ಕೇರಳ, ಮಹಾರಾಷ್ಟ್ರಗಳಿಗೆ ಹರಡಿತು. ಪರಂಗಿಯಲ್ಲದೆ ಹಿಪ್ಪುನೇರಳೆಯೂ ಹಾಳಾಗಿ ರೇಷ್ಮೆ ಕೃಷಿಕರು ಸಂಕಷ್ಟಕ್ಕೆ ಸಿಲುಕಿದರು. ಕೀಟನಾಶಕಗಳು ಹೆಚ್ಚಿನ ಫಲ ನೀಡಲಿಲ್ಲ. ಈ ಪೀಡೆಯನ್ನು 1992ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಗಿತ್ತು. ಅದರ ಶತ್ರುವಾದ ಅಸೆರೊಫೇಗಸ್ ಪಪಾಯೆ ಎಂಬ ಕಣಜವನ್ನು ನಾಯ್ಸ್ ಮತ್ತು ಶಾಫ್ ಎಂಬ ತಜ್ಞರು 2003ರಲ್ಲಿ ವಿವರಿಸಿದ್ದರು. ಆ ಎರಡು ಹೆಸರುಗಳು ಇದ್ದುದರಿಂದಲೇ ಏನನ್ನು ಎಲ್ಲಿಂದ ತರಿಸಬೇಕೆಂಬುದು ಸ್ಪಷ್ಟವಾಯಿತು. ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೊ ಎಂದು ಕರೆಯಲಾಗುವ ಬೆಂಗಳೂರಿನ ಸಂಸ್ಥೆಯು 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಈ ಕಣಜವನ್ನು ತರಿಸಿ, ಪರೀಕ್ಷಿಸಿ, ಸಾಕಿ, ಬಿಡುಗಡೆ ಮಾಡಿತು. ಪೀಡೆ ಬಹುಬೇಗ ಹತೋಟಿಗೆ ಬಂದಿತು. ದೂರದ ಪ್ರಯೋಗಾಲಯದಲ್ಲಿ ಬರೆದ ಕೆಲವು ಪುಟಗಳ ವಿವರಣೆ ಏಳೇ ವರ್ಷಗಳಲ್ಲಿ ಭಾರತದ ರೈತನ ಹೊಲವನ್ನು ಕಾಯಿತು.

ಸಂಸ್ಥೆಗಳು ಮತ್ತು ಕಾನೂನು

ದೇಶದ ಪ್ರಾಣಿಸಂಪತ್ತಿನ ಸಮೀಕ್ಷೆಗಾಗಿ 1916ರ ಜುಲೈ 1ರಂದು ಕೊಲ್ಕತ್ತದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಅದರ ಪಶ್ಚಿಮ ಪ್ರಾದೇಶಿಕ ಕೇಂದ್ರವು 1959ರಲ್ಲಿ ಪುಣೆಯಲ್ಲಿ ಆರಂಭವಾಗಿ, ಈಗ ನಗರದ ಹೊರವಲಯದ ಆಕುರ್ಡಿಯಲ್ಲಿದೆ. ಮಹಾರಾಷ್ಟ್ರದ ಪ್ರಾಣಿಸಂಕುಲವನ್ನು ಕುರಿತು ಸಂಸ್ಥೆಯು 2012ರಲ್ಲಿ ಹೊರತಂದ ಸಂಪುಟಗಳಲ್ಲಿ ಕಣಜಗಳ ಪಟ್ಟಿಯೂ ಸೇರಿದೆ. ಕೇರಳದ ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲಿ ಪ್ರೊ. ಟಿ. ಸಿ. ನರೇಂದ್ರನ್ ಅವರು ಪರತಂತ್ರ ಕಣಜಗಳ ಅಧ್ಯಯನಕ್ಕೆ ಒಂದು ಪರಂಪರೆಯನ್ನೇ ನಿರ್ಮಿಸಿ, 2013ರಲ್ಲಿ ನಿಧನರಾಗುವವರೆಗೂ ಅನೇಕ ಶಿಷ್ಯರನ್ನು ತರಬೇತಿಗೊಳಿಸಿದರು.

ಜೈವಿಕ ವೈವಿಧ್ಯ ಅಧಿನಿಯಮ, 2002ರ 39ನೆಯ ಪ್ರಕರಣದ ಪ್ರಕಾರ, ಹೊಸ ಪ್ರಭೇದವನ್ನು ಪತ್ತೆಹಚ್ಚಿದ ಯಾವುದೇ ವ್ಯಕ್ತಿಯು ಆ ವಿಷಯವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಸಾಕ್ಷಿ ಮಾದರಿಯನ್ನು ಅಲ್ಲಿ ಇಡತಕ್ಕದ್ದು. ಪ್ರಾಣಿಗಳ ವಿಷಯದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯು ಇಂತಹ ಭಂಡಾರವಾಗಿದೆ. ರೌಟನ್ ಅವರ ಕಾಲದಲ್ಲಿ ಹಡಗೇರಿ ಹೋದಂತೆ ಇಂದಿನ ಮೂಲಮಾದರಿಗಳು ಶಾಶ್ವತವಾಗಿ ಹೊರದೇಶದ ಪಾಲಾಗಬಾರದೆಂಬುದಕ್ಕೆ ಹೀಗೆ ಶಾಸನದ ಬಲ ಬಂದಿದೆ.

ಎದುರಿಗಿರುವ ಸವಾಲು

ಸರ್ವೇಕ್ಷಣಾ ಸಂಸ್ಥೆಯ ವರದಿಯಂತೆ 2023ರ ಒಂದೇ ವರ್ಷದಲ್ಲಿ ಭಾರತದಿಂದ 442 ಹೊಸ ಪ್ರಾಣಿ ಪ್ರಭೇದಗಳು ವಿವರಿಸಲ್ಪಟ್ಟವು. ಬೇರೆಡೆ ತಿಳಿದಿದ್ದ 199 ಪ್ರಭೇದಗಳು ಭಾರತದಲ್ಲಿ ಮೊದಲ ಬಾರಿಗೆ ದಾಖಲಾದವು. ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ದೇಶದ 1,04,561 ಪ್ರಾಣಿ ಪ್ರಭೇದಗಳ ಹೆಸರುಗಳಿವೆ. ಇದು ಹೆಮ್ಮೆಯ ಸಂಗತಿ. ಆದರೆ ಇದೇ ಅಂಕಿಗಳನ್ನು ಬೇರೆ ರೀತಿಯಲ್ಲೂ ಓದಬಹುದು. ವರ್ಷಕ್ಕೆ ನಾನೂರಕ್ಕೂ ಮೀರಿ ಹೊಸ ಪ್ರಭೇದಗಳು ಸಿಗುತ್ತಿವೆಯೆಂದರೆ, ಇನ್ನೂ ತಿಳಿಯದೇ ಉಳಿದಿರುವುದು ಅಪಾರವೆಂದೇ ಅರ್ಥ.

ಈ ಕೆಲಸಕ್ಕೆ ಕೈಗಳು ಸಾಲದು. ಒಂದು ಕುಟುಂಬದ ಕಣಜಗಳನ್ನು ಖಚಿತವಾಗಿ ಗುರುತಿಸಬಲ್ಲ ತಜ್ಞನಾಗಲು ಹಲವು ವರ್ಷಗಳ ಅಭ್ಯಾಸ ಬೇಕು. ಫಲಿತಾಂಶ ಬೇಗ ಕಾಣುವ ಇತರ ಶಾಖೆಗಳತ್ತ ವಿದ್ಯಾರ್ಥಿಗಳು ಒಲಿಯುವುದು ಸಹಜ. ತಜ್ಞರೊಬ್ಬರು ನಿವೃತ್ತರಾದಾಗ ಅವರ ಗುಂಪಿನ ಕೀಟಗಳನ್ನು ಗುರುತಿಸುವವರೇ ಇಲ್ಲದಂತಾಗುವುದುಂಟು. ಈ ಕೊರತೆಯನ್ನು ಗಮನಿಸಿ ಕೇಂದ್ರ ಪರಿಸರ ಮತ್ತು ಅರಣ್ಯ ಮಂತ್ರಾಲಯವು 1999ರಲ್ಲಿ ವರ್ಗೀಕರಣ ಶಾಸ್ತ್ರದ ಅಖಿಲ ಭಾರತ ಸಮನ್ವಿತ ಯೋಜನೆಯನ್ನು ಆರಂಭಿಸಿತು. ವರ್ಗೀಕರಣ ತಜ್ಞರಿಗಾಗಿ ಇ. ಕೆ. ಜಾನಕಿ ಅಮ್ಮಾಳ್ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಸ್ಥಾಪಿಸಿತು. ಇತ್ತ ನಗರಗಳು ಬೆಳೆದು ಗುಡ್ಡಗಳು ಕರಗುತ್ತಿವೆ. ಒಂದೇ ಜಾತಿಯ ಆಸರೆ ಕೀಟವನ್ನೂ, ಒಂದೇ ಬಗೆಯ ಸಸ್ಯವನ್ನೂ ನಂಬಿ ಬದುಕುವ ಕಣಜ ಆ ಸಸ್ಯದೊಂದಿಗೇ ಅಳಿಯುತ್ತದೆ. ಹೆಸರು ಪಡೆಯುವ ಮೊದಲೇ ಅಳಿದ ಪ್ರಭೇದ ಇತ್ತೆಂಬುದಕ್ಕೂ ಸಾಕ್ಷಿ ಉಳಿಯುವುದಿಲ್ಲ.

ಸಾರ್ವಜನಿಕರ ಪಾತ್ರ

ಈ ಕ್ಷೇತ್ರದಲ್ಲಿ ಸಾಮಾನ್ಯ ನಾಗರಿಕರೂ ಮಾಡಬಹುದಾದ ಕೆಲಸವಿದೆ. ಓಡಾಟಕ್ಕೆ ಅಡ್ಡಿಯಾಗದ ಎತ್ತರದಲ್ಲಿರುವ ಗೂಡನ್ನು ಅನಾವಶ್ಯಕವಾಗಿ ಸುಡದಿರುವುದು ಮೊದಲನೆಯದು. ಅಪಾಯಕಾರಿಯಾದ ಕಡಜದ ಗೂಡಿದ್ದಲ್ಲಿ ತಿಳಿದವರ ನೆರವು ಪಡೆಯಬೇಕು. ಹೊಲದಲ್ಲಿ ಬಿಳಿ ಗೂಡುಗಳನ್ನು ಬೆನ್ನ ಮೇಲೆ ಹೊತ್ತ ಕಂಬಳಿಹುಳು ಕಂಡರೆ, ಅದು ಈಗಾಗಲೇ ಕಣಜಗಳಿಗೆ ತುತ್ತಾಗಿದೆ ಎಂದರಿತು ಔಷಧಿ ಸಿಂಪಡಿಸುವ ಮುನ್ನ ಯೋಚಿಸಬೇಕು. ಬದುಗಳಲ್ಲಿ ಹೂ ಬಿಡುವ ಗಿಡಗಳನ್ನು ಉಳಿಸಿದರೆ ಪರತಂತ್ರ ಕಣಜಗಳಿಗೆ ಮಕರಂದ ದೊರೆಯುತ್ತದೆ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಕೀಟಗಳನ್ನು ಸ್ಥಳ ಮತ್ತು ದಿನಾಂಕ ಸಹಿತ ಛಾಯಾಚಿತ್ರಗಳಲ್ಲಿ ದಾಖಲಿಸಿ, ಸಮೀಪದ ಕೃಷಿ ಮಹಾವಿದ್ಯಾಲಯ ಅಥವಾ ಸರ್ವೇಕ್ಷಣಾ ಕೇಂದ್ರದ ತಜ್ಞರಿಗೆ ತೋರಿಸಬಹುದು. ಪುಣೆಯಲ್ಲಿ ರೌಟನ್ ಅವರ ಸಂಗ್ರಹಣೆಯೂ ಕಚೇರಿಯ ಕೆಲಸದೊಡನೆ ನಡೆಸಿದ ಹವ್ಯಾಸವೇ ಆಗಿತ್ತು.

ಹೊಸ ಪ್ರಭೇದವೊಂದರ ವಿವರಣೆ ಪ್ರಕಟವಾದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುವುದು ವಿರಳ. ಆದರೆ ಅದು ದೇಶದ ಆಸ್ತಿಪಟ್ಟಿಗೆ ಸೇರಿದ ಒಂದು ಹೊಸ ನಮೂದು. ಮುಂದೆ ಯಾವ ಬೆಳೆಗೆ ಯಾವ ಪೀಡೆ ಬರುವುದೆಂದು ಯಾರೂ ಹೇಳಲಾರರು. ಬಂದಾಗ ಅದರ ಶತ್ರುವನ್ನು ಹುಡುಕಲು ಈ ಪಟ್ಟಿಯನ್ನೇ ತೆರೆಯಬೇಕಾಗುತ್ತದೆ. ಆ ಪಟ್ಟಿ ತುಂಬಿರುವಂತೆ, ಅದರಲ್ಲಿನ ಪ್ರತಿಯೊಂದು ಹೆಸರೂ ಖಚಿತವಾಗಿರುವಂತೆ ನೋಡಿಕೊಳ್ಳುವುದು ವಿಜ್ಞಾನಿಗಳ ಹೊಣೆ. ಪಟ್ಟಿಯಲ್ಲಿರುವ ಜೀವಿಗಳು ಹೊಲ, ತೋಟ, ಕಾಡುಗಳಲ್ಲಿ ಉಳಿದಿರುವಂತೆ ನೋಡಿಕೊಳ್ಳುವುದು ಎಲ್ಲರ ಹೊಣೆ.